ಅಪ್ಪನ ಭಜನಾ ಪದಗಳು ಫ್ರೆಂಚ್ ಆದವೇ?

ಪ್ರಶ್ನೆ: ನಮ್ಮಪ್ಪ ಬರೆದ ಭಜನಾ ಪದಗಳನ್ನು 2003ರಲ್ಲಿ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಸಿಡಿಗೆ ಹಾಕಿಸಿದ್ದೆವು. ಈಗ ಅಪ್ಪ ಇಲ್ಲ. ಫೈಲನ್ನು ಮೊಬೈಲಿನಲ್ಲಿ ತೆರೆದರೆ ಒಂದೂ ಕನ್ನಡ ಅಕ್ಷರ ಕಾಣುತ್ತಿಲ್ಲ, ಬರೀ ತಲೆ ಮೇಲೆ ಗೆರೆ, ಚುಕ್ಕಿ ಇರೋ ಇಂಗ್ಲಿಷ್ ಅಕ್ಷರಗಳು. ವೈರಸ್ ಬಿತ್ತಾ? ಎಲ್ಲ ಮತ್ತೆ ಟೈಪ್ ಮಾಡಿಸಬೇಕಾ?
– ಓದುಗ ಸಹೋದರಿ, ಇಳಕಲ್

ಉತ್ತರ: ಅಕ್ಕಾರೆ, ಪದಗಳು ಎಲ್ಲಿಗೂ ಹೋಗಿಲ್ಲ. ವೈರಸ್ಸೂ ಅಲ್ಲ. ದಯವಿಟ್ಟು ಆ ಫೈಲನ್ನು ಅಳಿಸಬೇಡಿ.

ಕಂಪ್ಯೂಟರ್ ಇಟ್ಟುಕೊಳ್ಳೋದು ಅಕ್ಷರವನ್ನಲ್ಲ, ಸಂಖ್ಯೆಯನ್ನು. ಯಾವ ಸಂಖ್ಯೆಗೆ ಯಾವ ಅಕ್ಷರ ಅಂತ ಒಂದು ಪಟ್ಟಿ ಇರುತ್ತದೆ. ನಿಮಗೆ ಈಗ ಕಾಣುತ್ತಿರುವುದು ಐಎಸ್‌ಒ 8859-1 ಅನ್ನೋ ಹಳೇ ಪಟ್ಟಿಯ ಅಕ್ಷರಗಳು. 1987ರಲ್ಲಿ ಬಂದದ್ದು, ಲ್ಯಾಟಿನ್-1 ಅಂತಲೂ ಕರೆಯುತ್ತಾರೆ. ಒಟ್ಟು 256 ಮನೆ. ಮೊದಲ 128 ಮನೆ ಆಸ್ಕಿ ಅನ್ನೋ ಇಂಗ್ಲಿಷಿನ ಮೂಲ ಪಟ್ಟಿ, 160ರಿಂದ 255ರವರೆಗೆ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಅಕ್ಷರಗಳು ಮತ್ತು ಕೆಲವು ಗುರುತುಗಳು. ಕನ್ನಡಕ್ಕೆ ಒಂದು ಮನೆಯೂ ಇಲ್ಲ! ಇದೇ 8859 ಪಟ್ಟಿಗಳ ಸರಣಿಯಲ್ಲಿ ದೇವನಾಗರಿಗೊಂದು ಪಟ್ಟಿ ಮಾಡಲು ಹೊರಟವರು 1997ರಲ್ಲಿ ಅದನ್ನೂ ಕೈಬಿಟ್ಟರು.

ಆದರೆ ನಮಗೆ ಕೆಲಸ ನಡೆಯಬೇಕಿತ್ತಲ್ವಾ? ಹಾಗಾಗಿ ಫಾಂಟ್ ಮಾಡುವವರು ಕನ್ನಡ ಅಕ್ಷರಗಳನ್ನು ತುಂಡು ತುಂಡು ಮಾಡಿ ಆ ಮನೆಗಳಲ್ಲೇ ಕೂರಿಸಿದರು. ನುಡಿ ಫಾಂಟಿನಲ್ಲಿ 'ಕನ್ನಡ' ಅಂತ ಬರೆದರೆ ಫೈಲಿನಲ್ಲಿ ಏಳು ಸಂಖ್ಯೆ ಕೂರುತ್ತವೆ: ಕ ಅನ್ನೋದು ಇಂಗ್ಲಿಷಿನ 'ಪಿ'ಯ ಸಂಖ್ಯೆ, ಅದರ ತಲೆಕಟ್ಟಿಗೆ 192, ಅಂದರೆ ತಲೆ ಮೇಲೆ ಗೆರೆ ಇರೋ ಫ್ರೆಂಚ್ 'ಎ', ನ ಬಂದು ಪೌಂಡ್ ಗುರುತಿನ ಮನೆಯಲ್ಲಿ, ನ ಒತ್ತು ಜರ್ಮನ್ನರ ಜೋಡಿ 'ಎಸ್' ಅಕ್ಷರದ ಮನೆಯಲ್ಲಿ. ಅರ್ಕಾವತ್ತು ಐಸ್‌ಲ್ಯಾಂಡಿನವರ ಅಕ್ಷರವೊಂದರ ಜಾಗ ಹಿಡಿದಿದೆ. ನಮ್ಮ ಬೆಳಗಾವಿಯ 'ಳ' ಇರೋದು ಕಾಲು ಭಾಗದ (¼) ಗುರುತಿನ ಮೇಲೆ. ಹತ್ತು ವರ್ಷ ಇಲ್ಲಿ ಡಿಟಿಪಿ ಕೆಲಸ ಮಾಡಿದ ನನಗೆ ಆ ಗುರುತುಗಳನ್ನು ನೋಡಿಯೇ ಕನ್ನಡ ಓದುವ ರೂಢಿ ಬಿದ್ದಿತ್ತು. ನಿಮ್ಮ ಮೊಬೈಲಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಸಂಖ್ಯೆಗಳು ಹಾಗೇ ಇವೆ.

ಸುಮ್ನೆ ಫಾಂಟ್ ಹಾಕಿಕೊಂಡರೂ ಓದಬಹುದು, ಆದರೆ ಹುಡುಕಲು ಆಗಲ್ಲ, ವಾಟ್ಸಾಪಿನಲ್ಲಿ ಕಳಿಸಿದರೆ ಮತ್ತೆ ಇದೇ ಗೋಳು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸೇರಿ ಮಾಡಿದ ಯೂನಿಕೋಡ್ ಅನ್ನೋ ಪಟ್ಟಿಗೆ ಬದಲಿಸಿಬಿಡಿ. ಅಲ್ಲಿ ಕನ್ನಡಕ್ಕೇ ಅಂತ 128 ಮನೆ ಇವೆ. ಮೊದಲು ಮೂಲ ಫೈಲಿನ ಎರಡು ಪ್ರತಿ ತೆಗೆದಿಡಿ. ವರ್ಡ್ ಫೈಲಾದರೆ ಕಂಪ್ಯೂಟರಿನಲ್ಲಿ ತೆರೆದು ಫಾಂಟಿನ ಹೆಸರು ನೋಡಿ, ಯಾಕೆಂದರೆ ನುಡಿಯ ಜೋಡಣೆ ಬೇರೆ, ಶ್ರೀಲಿಪಿ ಅನ್ನೋ ಇನ್ನೊಂದು ತಂತ್ರಾಂಶದ್ದು ಬೇರೆ, ಬದಲಿಸುವಾಗ ತಪ್ಪಾದದ್ದನ್ನು ಆರಿಸಿದರೆ ಕನ್ನಡವೇ ಬರುತ್ತೆ ಆದರೆ ಅರ್ಥವಿಲ್ಲದ ಕನ್ನಡ. ನುಡಿ, 'ಬರಹ' ಅನ್ನೋ ಎರಡೂ ಕನ್ನಡ ತಂತ್ರಾಂಶಗಳಲ್ಲಿ ಹೀಗೆ ಬದಲಿಸಿಕೊಡುವ ಪರಿವರ್ತಕ ಇದೆ.

ಆಮೇಲೆ ಅಪ್ಪನ ಕೈಬರಹದ ವಹಿ ಇದ್ದರೆ ಪಕ್ಕದಲ್ಲಿಟ್ಟುಕೊಂಡು ಓದಿ. 'ಧರ್ಮ', 'ಕರ್ಮ'ದಂಥ ಪದಗಳನ್ನು ಜಾಸ್ತಿ ಗಮನಿಸಿ. ಹಳೇ ಫೈಲಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ 'ರ್' ಮೊದಲು. ತಪ್ಪುಗಳು ಅಲ್ಲೇ ಅಡಗಿರುತ್ತವೆ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವಾಗಿ ಕೆಟ್ಟಿರುತ್ತವೆ, ಅವನ್ನು ಮಾತ್ರ ಕೈಯಿಂದ ಟೈಪ್ ಮಾಡಿ.