ಉ: ಮೊಮ್ಮಗಳು ಅಜ್ಜನನ್ನು ಪ್ರಾರ್ಥನೆಗೆ ಕರೆಯಬಹುದೇ?

ಪ್ರಥಮ ಪರಮಪ್ರಸಾದಕ್ಕೆ (ಕಥೋಲಿಕ ಮಕ್ಕಳು ಬಲಿಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಬಾರಿ ಸ್ವೀಕರಿಸುವ ಸಂಸ್ಕಾರಕ್ಕೆ) ಸಿದ್ಧಳಾಗುತ್ತಿರುವ ಮಗಳು, ಚರ್ಚಿಗೆ ಹೋಗುವುದನ್ನೇ ಬಿಟ್ಟಿರುವ ಅಜ್ಜನನ್ನು ಸಂಜೆಯ ಜಪಸರಕ್ಕೆ (ಮಣಿಸರ ಹಿಡಿದು ಮಾಡುವ ಪ್ರಾರ್ಥನೆಗೆ) ಕರೆಯುವುದು ಅಧಿಕಪ್ರಸಂಗವಾದೀತೇ ಎಂದು ತೀರ್ಥಹಳ್ಳಿಯಿಂದ ಕೇಳಿದ್ದೀರಿ. ಖಂಡಿತ ಇಲ್ಲ. ಬೈಬಲಿನ ಅರಸುಗಳ ಎರಡನೆಯ ಗ್ರಂಥದ 5ನೇ ಅಧ್ಯಾಯದಲ್ಲಿ, ಸೇನಾಪತಿ ನಾಮಾನನು ಪ್ರವಾದಿ ಎಲೀಷನ ಬಳಿಗೆ ಹೊರಡಲು ಕಾರಣವಾದದ್ದು, ಸೆರೆಯಾಳಾಗಿ ಬಂದು ಅವನ ಹೆಂಡತಿಯ ಸೇವೆಗೆ ಸೇರಿದ್ದ ಚಿಕ್ಕ ಹುಡುಗಿಯೊಬ್ಬಳ ಮಾತು. ಅವಳು ಉಪದೇಶ ಮಾಡಲಿಲ್ಲ, ಒಡೆಯನ ಕುಷ್ಠ ವಾಸಿಯಾಗಲೆಂದು ಹಂಬಲಿಸಿದಳು. 1910ರಲ್ಲಿ ಪೋಪ್ ಹತ್ತನೆಯ ಪಯಸ್ ಅವರು ಪರಮಪ್ರಸಾದದ ವಯಸ್ಸನ್ನು ಸುಮಾರು 7ಕ್ಕೆ ಇಳಿಸಿದ್ದನ್ನೂ ಮಕ್ಕಳ ವಿಶ್ವಾಸಕ್ಕೆ ಸಂದ ಮನ್ನಣೆಯೆಂದೇ ನಾನು ಭಾವಿಸುತ್ತೇನೆ. ಆದರೆ ದಯವಿಟ್ಟು ನಿಮ್ಮ ಮಾತನ್ನು ಮಗಳ ಬಾಯಿಂದ ಆಡಿಸಬೇಡಿ. ಹಿರಿಯರಿಗೆ ಅದು ತಕ್ಷಣ ತಿಳಿಯುತ್ತದೆ, ನೋವೂ ಆಗುತ್ತದೆ. ಮಳೆಗಾಲದ ಸಂಜೆ ಎಲ್ಲರೂ ಮನೆಯಲ್ಲೇ ಇರುವಾಗ, ತನಗೆ ಬಾರದ ಪ್ರಾರ್ಥನೆಗಳನ್ನು ಹೇಳಿಕೊಡುವಂತೆ ಅವಳೇ ಅಜ್ಜನನ್ನು ಕೇಳಲಿ.