ಮೊಮ್ಮಗಳ ನರ್ಸರಿ, ಕಾಫಿ ಗಿಡದ ನರ್ಸರಿ

ಮೂಡಿಗೆರೆ ಕಡೆಯ ಹಿರಿಯ ಓದುಗರೊಬ್ಬರ ಪತ್ರದ ಸಾರ ಇದು:

‘ಹಿಂದಿನ ಸಂಚಿಕೆಯ ಜಾಹೀರಾತು ಪುಟದಲ್ಲಿ “ನರ್ಸರಿ ಪ್ರವೇಶ ಆರಂಭ” ಅಂತ ಒಂದು, ಅದರ ಕೆಳಗೇ “ನರ್ಸರಿ ಗಿಡ ಬುಕಿಂಗ್ ಆರಂಭ” ಅಂತ ಇನ್ನೊಂದು. ಮನೆಮಂದಿಯೆಲ್ಲ ನಕ್ಕಿದ್ದಾಯಿತು. ಮಕ್ಕಳಿಗೂ ಗಿಡಕ್ಕೂ ಒಂದೇ ಹೆಸರು ಹೇಗೆ ಬಂತು? ಪತ್ರಿಕೆಯವರಾಗಿ ನೀವಾದರೂ ಕನ್ನಡ ಪದ ಬಳಸಬಾರದೇ? ಅಂದಹಾಗೆ ನಮಗೆ ಈ ವರ್ಷ ಎರಡೂ ನರ್ಸರಿಯ ಕೆಲಸ ಇದೆ. ಮೊಮ್ಮಗಳಿಗೆ ಬರುವ ಜೂನ್‌ಗೆ 2 ವರ್ಷ 9 ತಿಂಗಳು. ಮಗ, ಸೊಸೆ ಈ ಸಲವೇ ನರ್ಸರಿಗೆ ಸೇರಿಸೋಣ ಅಂತಾರೆ, ನೀವೇನಂತೀರಿ? ತೋಟದಲ್ಲಿ ಹಳೇ ಕಾಫಿ ಕಿತ್ತ ಜಾಗಕ್ಕೆ 500 ಗಿಡ ಬೇಕು. ಕೊಳ್ಳುವುದೋ, ನಾವೇ ಬೆಳೆಸಿಕೊಳ್ಳುವುದೋ?’

ನಮಸ್ಕಾರ. ನಿಮ್ಮ ಪತ್ರ ಓದಿ ಕಚೇರಿಯಲ್ಲಿ ನಾವೂ ನಕ್ಕೆವು. ಆ ಪುಟ ಕಟ್ಟಿದವರನ್ನು ಕೇಳಿದರೆ, ‘ಎರಡೂ ನರ್ಸರಿಯೇ ಅಲ್ವಾ ಸಾರ್, ಅದಕ್ಕೇ ಒಟ್ಟಿಗೆ ಹಾಕಿದೆ’ ಅಂದರು. ತಪ್ಪು ಹೇಳೋಕೆ ಆಗಲಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಇಂಗ್ಲಿಷಿನಲ್ಲಿ ಈ ಹೆಸರು ಮೊದಲು ಬಂದದ್ದು ಮಕ್ಕಳಿಗೆ. ದಾದಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಕೋಣೆಗೆ ನರ್ಸರಿ ಅನ್ನುತ್ತಿದ್ದರು. 16ನೇ ಶತಮಾನದ ಹೊತ್ತಿಗೆ ಸಸಿ ಬೆಳೆಸುವ ಜಾಗಕ್ಕೂ ಅದೇ ಹೆಸರಾಯಿತು. ಆಸ್ಪತ್ರೆಯಲ್ಲಿ ಈಗ ಹುಟ್ಟಿದ ಕೂಸುಗಳನ್ನು ಇಡುವ ಕೋಣೆಯೂ ನರ್ಸರಿ, ಮೀನುಮರಿ ಬಿಡುವ ಮೊದಲ ಕೊಳವೂ ನರ್ಸರಿ. ನಮ್ಮ ಕಾಫಿ ಸೀಮೆಯಲ್ಲಿ ಮಾತ್ರ ಕ್ರಮ ಉಲ್ಟಾ. ಇಲ್ಲಿಯ ಜನ ಕಾಫಿ ನರ್ಸರಿ ಅನ್ನೋದನ್ನು ಬಾಯಿಪಾಠ ಮಾಡಿಕೊಂಡು ಎಷ್ಟೋ ಕಾಲವಾದ ಮೇಲೆ ಪೇಟೆಯಲ್ಲಿ ಮಕ್ಕಳ ನರ್ಸರಿಯ ಬೋರ್ಡು ಎದ್ದದ್ದು.

ಕನ್ನಡ ಪದ ಇಲ್ಲವೇ ಅಂದರೆ ಧಾರಾಳವಾಗಿ ಇವೆ. ಭತ್ತಕ್ಕೆ ನೀವು ಅಗೆ ಹಾಕುತ್ತೀರಿ. ಬಯಲುಸೀಮೆ ಕಡೆ ಒಟ್ಲು ಬಿಡುತ್ತಾರೆ. ಸಸಿಮಡಿ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಯಾರೂ ‘ಪೇಟೆಗೆ ಹೋಗಿ ಅಗೆಯಿಂದ ನಾಲ್ಕು ಗುಲಾಬಿ ಗಿಡ ತಂದೆ’ ಅನ್ನುವುದಿಲ್ಲ. ಅಗೆ, ಒಟ್ಲು ಎಲ್ಲ ನಮ್ಮ ಗದ್ದೆಯಲ್ಲಿ ನಾವೇ ಮಾಡಿಕೊಳ್ಳುವ ಕೆಲಸ. ದುಡ್ಡು ಕೊಟ್ಟು ತಂದರೆ ಅದು ನರ್ಸರಿ ಗಿಡ. ಮಕ್ಕಳ ಕಥೆಯೂ ಅಷ್ಟೇ. ಅಜ್ಜಿ ಜೊತೆ ಜಗಲಿಯಲ್ಲಿ ಕೂತು ಕಲಿತಷ್ಟು ದಿನ ಅದಕ್ಕೆ ಹೆಸರೇ ಬೇಕಿರಲಿಲ್ಲ. ಫೀಸು ಶುರುವಾದಾಗ ಹೆಸರೂ ಬಂತು. ಸರ್ಕಾರಿ ಬೋರ್ಡಿನ ‘ಸಸ್ಯಾಗಾರ’ ನನಗೂ ಇಷ್ಟವೇ. ಆದರೆ ಆಟೋದವರಿಗೆ ಹಾಗೆ ಹೇಳಿ ನೋಡಿ, ಎಲ್ಲಿಗೆ ಕರೆದುಕೊಂಡು ಹೋಗುತ್ತಾರೋ! ಹಾಗಾಗಿ ನರ್ಸರಿ ಪದವನ್ನು ನಾವು ಬಿಡುವುದಿಲ್ಲ, ಕ್ಷಮಿಸಿ.

ಒಂದು ಮಾತು ಮಾತ್ರ ಹೇಳಲೇಬೇಕು. ಮಕ್ಕಳ ಶಾಲೆಗೆ ತೋಟದ ಹೆಸರಿಟ್ಟವರು ಸುಮ್ನೆ ಇಟ್ಟದ್ದಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1840ರಲ್ಲಿ ತಮ್ಮ ಮಕ್ಕಳ ಶಾಲೆಯನ್ನು ಕಿಂಡರ್‌ಗಾರ್ಟನ್ ಎಂದು ಕರೆದರು. ಎಲ್‌ಕೆಜಿ, ಯುಕೆಜಿಗಳ ಕೊನೆಯ ‘ಜಿ’ ಅದೇ ತೋಟ. ಅವರ ಪದ್ಧತಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಪುಟ್ಟ ಮಡಿ ಇರುತ್ತಿತ್ತು. ಎಲ್ಲರಿಗೂ ಸೇರಿದ ಮಡಿ ಬೇರೆ. ನಮ್ಮ ದೇಶದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಬೋರ್ಡಿ ಎಂಬ ಊರಲ್ಲಿ ಹಳ್ಳಿ ಮಕ್ಕಳಿಗಾಗಿ ಕೆಲಸ ಶುರು ಮಾಡಿದರು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಅವರ ಕೇರಿಯ ಅಂಗಳದಲ್ಲೇ ಪಾಠ. ಬಾಲವಾಡಿ, ಅಂಗನವಾಡಿಗಳ ‘ವಾಡಿ’ ಅಂದರೂ ತೋಟವೇ. ಮುಂದೆ 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಅಂಗನವಾಡಿ ಯೋಜನೆ ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ಶುರುವಾದದ್ದು ತಿ. ನರಸೀಪುರದಲ್ಲಿ. ಇಷ್ಟೆಲ್ಲ ತೋಟದ ಹೆಸರು ಹೊತ್ತ ಶಾಲೆಗಳ ಅಂಗಳಕ್ಕೆ ಈಗ ಸಿಮೆಂಟ್ ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸುತ್ತಿದ್ದಾರೆ. ಚಿಕ್ಕಮಗಳೂರಿನಂಥ ಊರಲ್ಲಿ ಪ್ಲಾಸ್ಟಿಕ್ ಹುಲ್ಲು ಬೇರೆ ಬೇಕಾ?

ಇನ್ನು ಎರಡು ನರ್ಸರಿ ಅಕ್ಕಪಕ್ಕ ಬಂದದ್ದು ನಿಮಗೆ ತಮಾಷೆ ಅನ್ನಿಸಿತು. ದೊಡ್ಡ ಎಸ್ಟೇಟುಗಳಲ್ಲಿ ಅವು ನಿಜವಾಗಿಯೂ ಅಕ್ಕಪಕ್ಕ ಇದ್ದವು. ಫೆಬ್ರವರಿ ಹೊತ್ತಿಗೆ ಯಾವುದಾದರೂ ಕಾಫಿ ನರ್ಸರಿಗೆ ಹೋಗಿ ನೋಡಿ. ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕೂತು ಕೊಟ್ಟೆ, ಅಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ, ತುಂಬುತ್ತಿರುತ್ತಾರೆ. ಆರು ಪಾಲು ಕಾಡುಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ತುಂಬಿದ ಕೊಟ್ಟೆಯನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಾರೆ, ಒಳಗೆ ಪೊಳ್ಳು ಉಳಿಯಬಾರದು. ಆಮೇಲೆ ಕಡ್ಡಿಯಿಂದ ತೂತು ಮಾಡಿ ಸಸಿ ಇಳಿಸುತ್ತಾರೆ. ಆ ಸಸಿ ನೋಡಲು ಚೆಂದ. ಎಲೆಯೇ ಬಂದಿರುವುದಿಲ್ಲ. ತೆಳ್ಳನೆ ದಂಟಿನ ತುದಿಯಲ್ಲಿ ಬಿತ್ತಿದ ಕಾಫಿ ಬೀಜವೇ ಟೋಪಿಯ ಹಾಗೆ ಕೂತಿರುತ್ತದೆ. ಅದು ಬಿಚ್ಚಿಕೊಂಡ ಮೇಲೆ ಎರಡು ದುಂಡು ಎಲೆ.

ಈ ಕೆಲಸಕ್ಕೆ ಬಂದ ಹೆಂಗಸರ ಮಕ್ಕಳು ಎಲ್ಲಿರಬೇಕು? 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಅದಕ್ಕೆ ಉತ್ತರ ಕೊಟ್ಟಿತ್ತು. 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ಎಸ್ಟೇಟು ಆರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ ಕಟ್ಟಿಸಬೇಕಿತ್ತು. ಅಲ್ಲಿ ಗಾಳಿ ಬೆಳಕು ಇರಬೇಕು, ಚೊಕ್ಕಟವಾಗಿರಬೇಕು, ಮಕ್ಕಳನ್ನು ನೋಡಿಕೊಳ್ಳಲು ತರಬೇತಿ ಪಡೆದ ಹೆಂಗಸು ಇರಬೇಕು ಅಂತಿತ್ತು. ಕಾಯ್ದೆಯಲ್ಲಿದ್ದದ್ದೆಲ್ಲ ಕಾರ್ಮಿಕರ ಲೈನ್ ಮನೆಯ ಪಕ್ಕ ಇರಲಿಲ್ಲ ಅನ್ನೋದು ಹಳಬರಿಗೆ ಗೊತ್ತು. ಇನ್ನು ನಿಮ್ಮಂಥ, ನಮ್ಮಂಥ ಸಣ್ಣ ಬೆಳೆಗಾರರ ತೋಟಕ್ಕೆ ಆ ಮಾತೇ ಅನ್ವಯಿಸುತ್ತಿರಲಿಲ್ಲ. ಮರಕ್ಕೆ ಸೀರೆಯ ಜೋಲಿ, ಕಾವಲಿಗೆ ಐದಾರು ವರ್ಷದ ಅಕ್ಕ. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಅದು ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ. ಹೆಸರು ಎಷ್ಟು ಚೆನ್ನಾಗಿದೆ ನೋಡಿ. ನೀವು ಕೇಳಿದ ಕನ್ನಡ ಪದ ಇದೇ ಅಂತ ನನ್ನ ಅಭಿಪ್ರಾಯ.

ಈಗ ಮೊಮ್ಮಗಳ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಈ ಜೂನ್‌ಗೆ ಬೇಡ. ಸ್ವಲ್ಪ ಲೆಕ್ಕ ಹಾಕಿ. ಈಗ ಸೇರಿಸಿದರೆ ನರ್ಸರಿ, ಎಲ್‌ಕೆಜಿ, ಯುಕೆಜಿ ಮುಗಿಯುವಾಗ ಅವಳಿಗೆ 5 ವರ್ಷ 9 ತಿಂಗಳು. ನಮ್ಮ ರಾಜ್ಯದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನೋದು ನಿಯಮ. ಮೂರು ತಿಂಗಳು ಸಾಲದೆ ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಬೇಕಾದೀತು. ಜೊತೆಯ ಮಕ್ಕಳು ಮುಂದೆ ಹೋದಾಗ ಮಗು ಮಂಕಾಗುತ್ತದೆ, ಫೀಸು ಬೇರೆ ದಂಡ. 2025–26ರ ಸಾಲಿಗೆ ಸರ್ಕಾರ ಇದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದು ನಿಜ. ನಿಮ್ಮ ಮಗ ಅದನ್ನೇ ಹೇಳಬಹುದು. ಅಂಥ ಸಡಿಲಿಕೆ ನಂಬಿಕೊಂಡು ಕೂಸಿನ ವಯಸ್ಸು ಲೆಕ್ಕ ಹಾಕುವುದು ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಶಾಲೆಗೆ ಮುಂಚಿನ ಕಲಿಕೆಯನ್ನು ಮೂರು ವರ್ಷದಿಂದಲೇ ಎಣಿಸುತ್ತದೆ.

ಸೆಪ್ಟೆಂಬರಿಗೆ ಮೂರು ತುಂಬುತ್ತದಲ್ಲ, ಆಗ ಊರಿನ ಅಂಗನವಾಡಿಗೆ ಕಳಿಸಿ. ಸೊಸೆಗೆ ಇದು ಅಷ್ಟು ಹಿಡಿಸಲಿಕ್ಕಿಲ್ಲ, ಗೊತ್ತು. ಒಂದು ದಿನ ಅವರೂ ಹೋಗಿ ಒಂದು ಗಂಟೆ ಕೂತು ಬರಲಿ. ಟೀಚರು ಮಕ್ಕಳ ಹತ್ತಿರ ನೆಲದ ಮೇಲೆ ಕೂರುತ್ತಾರಾ, ಕಥೆ ಹೇಳುತ್ತಾರಾ, ಶೌಚಾಲಯ ಹೇಗಿದೆ, ಮಕ್ಕಳು ಹೊರಗೆ ಮಣ್ಣಲ್ಲಿ ಎಷ್ಟು ಹೊತ್ತು ಆಡುತ್ತಾರೆ, ಇಷ್ಟು ನೋಡಿದರೆ ಸಾಕು. ಮುಂದಿನ ವರ್ಷ ಪೇಟೆಯ ನರ್ಸರಿ ನೋಡಲು ಹೋದಾಗಲೂ ಇದನ್ನೇ ನೋಡಿ. ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಸಾಲುಗಟ್ಟಲೆ ಎ ಬಿ ಸಿ ಡಿ ಬರೆಸುವ ಜಾಗವಾದರೆ ಹಾಗೇ ಗಾಡಿ ತಿರುಗಿಸಿ.

ಕಾಫಿ ಗಿಡ ಈ ವರ್ಷ ಕೊಳ್ಳುವುದೇ ಸರಿ. ಬೀಜ ಬಿತ್ತುವುದು ಡಿಸೆಂಬರ್, ಜನವರಿಯಲ್ಲಿ. ಮೊಳಕೆ ಮೇಲೇಳಲು ಒಂದೂವರೆ ತಿಂಗಳು ಬೇಕು. ಈಗ ಬಿತ್ತಿದರೆ ಮುಂಗಾರಿನ ನಾಟಿಗೆ ಸಸಿ ತಯಾರಾಗುವುದಿಲ್ಲ. ಮುಂದಿನ ಸಲಕ್ಕೆ ನೀವೇ ಬೆಳೆಸಬಹುದು. ಅರೇಬಿಕಾ ಆದರೆ ನಿಮ್ಮ ತೋಟದಲ್ಲೇ ಚೆನ್ನಾಗಿ ಫಸಲು ಕೊಡುವ, ರೋಗವಿಲ್ಲದ ಗಿಡದ ಬೀಜ ನಡೆಯುತ್ತದೆ. ರೋಬಸ್ಟಾದ ಹೂವಿಗೆ ಪಕ್ಕದ ಗಿಡದ ಪರಾಗವೇ ಬೇಕು, ಹಾಗಾಗಿ ಬೀಜದಿಂದ ಬಂದ ಸಸಿಗಳು ಒಂದೊಂದು ಒಂದೊಂದು ಥರ ಆಗುತ್ತವೆ. ಪೂರ್ತಿ ಹಣ್ಣಾದದ್ದನ್ನೇ ಬಿಡಿಸಿ, ನೀರಿಗೆ ಹಾಕಿ, ತೇಲಿದ್ದನ್ನು ಎಸೆಯಿರಿ. ಸಿಪ್ಪೆ ತೆಗೆದು, ಬೂದಿ ಬೆರೆಸಿ ನೆರಳಲ್ಲೇ ಒಣಗಿಸಿ. ಬಿತ್ತುವಾಗ ಬೀಜದ ಚಪ್ಪಟೆ ಮೈ ಕೆಳಗಿರಲಿ. ಚಂದ್ರಗಿರಿ, ಎಸ್. 795ರಂಥ ತಳಿ ಬೇಕಾದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಹತ್ತಿರದಲ್ಲೇ ಇದೆ. 1925ರಿಂದ ಇದೇ ಕೆಲಸ ಮಾಡುತ್ತಿರುವ ಜಾಗ. ಬೀಜಕ್ಕೆ ಬಿತ್ತನೆಯ ಕಾಲ ಬರುವ ಮುಂಚೆಯೇ ಕೇಳಿಡಿ. ಕಾಫಿ ಬೀಜ ಜಾಸ್ತಿ ದಿನ ಜೀವ ಹಿಡಿಯುವುದಿಲ್ಲ.

ಈ ಸಲ ಕೊಳ್ಳುವಾಗ ಗಿಡದ ಎತ್ತರ ನೋಡಿ ಮರುಳಾಗಬೇಡಿ. ದಟ್ಟ ನೆರಳಲ್ಲಿ ಒತ್ತೊತ್ತಾಗಿ ಇಟ್ಟ ಗಿಡ ಉದ್ದಕ್ಕೆ ಎಳೆದುಕೊಂಡಿರುತ್ತದೆ, ಕಾಂಡದಲ್ಲಿ ಗಟ್ಟಿ ಇರುವುದಿಲ್ಲ. ಚಪ್ಪರದ ನೆರಳನ್ನು ಮಳೆಗೆ ಮುಂಚೆ ಸ್ವಲ್ಪ ಸ್ವಲ್ಪವೇ ತೆಗೆದಿದ್ದಾರಾ ಅಂತ ಕೇಳಿ. ಕೊಟ್ಟೆಗೆ ಹಾಕುವಾಗ ತಾಯಿಬೇರು ಮಡಚಿಕೊಂಡಿದ್ದರೆ ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಎರಡು ವರ್ಷ ಚೆನ್ನಾಗಿಯೇ ಕಾಣಬಹುದು, ಫಸಲಿನ ಹೊತ್ತಿಗೆ ಸೊರಗುತ್ತದೆ. ಅದಕ್ಕೇ ಬುಕ್ ಮಾಡುವ ಮುಂಚೆ ನೀವೇ ಆರಿಸಿದ ಎರಡು ಮೂರು ಕೊಟ್ಟೆ ಸೀಳಿ ಬೇರು ತೋರಿಸಲು ಹೇಳಿ. ಆ ಗಿಡದ ದುಡ್ಡು ಬೇಕಾದರೆ ಕೊಟ್ಟುಬಿಡಿ. ಸೀಳಲು ಒಪ್ಪದಿದ್ದರೆ ಅಲ್ಲಿ ಕೊಳ್ಳಬೇಡಿ. ನರ್ಸರಿಗಳಿಗೆ ನಮ್ಮಲ್ಲಿ ಬರವಿಲ್ಲ.

– ಸಂಪಾದಕ