ಸಾಗರ ದಿನಕ್ಕೆ ನಾಲ್ಕು ಪುಟ ಯಾಕೆ ಅಂತ ಕೇಳಿದವರಿಗೆ

ಮೀರಾ ರೋಡಿನಿಂದ ಒಬ್ಬ ಹಿರಿಯ ಓದುಗರು ಉದ್ದದ ಪತ್ರ ಬರ್ದಿದ್ದಾರೆ. ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಗೇ ಆಗ್ಲಿ. ಜೂನ್ 8ರ ವಿಶ್ವ ಸಾಗರ ದಿನಕ್ಕೆ ಅಂತ ಹೋದ ಸಂಚಿಕೇಲಿ ನಾಲ್ಕು ಪುಟ ಕೊಟ್ಟಿದ್ವಲ್ಲ, ಅದು ಅವ್ರಿಗೆ ಹಿಡಿಸ್ಲಿಲ್ಲ. ಅವ್ರು ಹೇಳೋದಿಷ್ಟು: ಒಂದು ಬೆಳಿಗ್ಗೆ ಬೀಚಿಗೆ ಹೋಗಿ ಕೈಗೆ ಗ್ಲೌಸ್ ಹಾಕ್ಕೊಂಡು ಕಸ ಹೆಕ್ಕಿ, ಬ್ಯಾನರ್ ಹಿಡಿದು ಫೋಟೋ ತೆಗೆಸ್ಕೊಂಡು ಬರೋರಿಂದ ಸಮುದ್ರಕ್ಕೆ ಏನೂ ಆಗಲ್ಲ, ಏಸಿ ಹಾಲಲ್ಲಿ ಇಂಗ್ಲಿಷಲ್ಲಿ ನಡೆಯೋ ಪಾಲಿಸಿ ಚರ್ಚೆಗೂ ಮಲ್ಪೇಲಿ ದೋಣಿ ನಡೆಸಿದ ತಮ್ಮ ತಂದೆಯಂಥವರಿಗೂ ಏನು ಸಂಬಂಧ, ರಾತ್ರಿ ಲೈಟ್ ಹಾಕಿ ಮೀನು ಸೆಳೆದು ಹಿಡಿಯೋ ಲೈಟ್ ಫಿಶಿಂಗ್ ನಿಲ್ಸೋಕೇ ಆಗದವ್ರು ವಿಶ್ವಸಂಸ್ಥೆ ಒಪ್ಪಂದದ ಬಗ್ಗೆ ಮಾತಾಡೋದು ಯಾಕೆ, ಮುಂಬೈಯ ಒಂದು ಕನ್ನಡ ಪತ್ರಿಕೆ ಇದಕ್ಕೆಲ್ಲ ಪುಟ ಹಾಳು ಮಾಡ್ಬೇಕಾ. ಕೊನೆಗೆ ಒಂದು ಪ್ರಶ್ನೆ, ಹೋಟೆಲಲ್ಲಿ ಅಕೌಂಟ್ಸ್ ಬರ್ದು ರಿಟೈರ್ ಆದ ನನ್ನಂಥವ್ನು ಇದ್ರಲ್ಲಿ ಮಾಡೋದೇನಿದೆ, ಅದನ್ನ ಬರೀರಿ.

ಅಣ್ಣಾ, ಆ ಕೊನೇ ಪ್ರಶ್ನೆಗೋಸ್ಕರಾನೇ ಈ ಉತ್ತರ ಇಷ್ಟುದ್ದ ಆಗ್ತಿದೆ.

ಮೊದ್ಲು ಬೀಚಿನ ಕಸ. ಮುಂಬೈಯ ವರ್ಸೋವಾ ಬೀಚಲ್ಲಿ ವಕೀಲ ಅಫ್ರೋಜ್ ಶಾ ಅವ್ರು 2015ರ ಅಕ್ಟೋಬರಲ್ಲಿ ಕಸ ಎತ್ತೋಕೆ ಶುರು ಮಾಡಿದ್ದು, 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದಿಂದ ಅವ್ರಿಗೆ ಚಾಂಪಿಯನ್ ಆಫ್ ದಿ ಅರ್ತ್ ಗೌರವ ಸಿಕ್ಕಿದ್ದು ನಿಮ್ಗೂ ಗೊತ್ತಿರುತ್ತೆ. 2018ರ ಮಾರ್ಚಲ್ಲಿ ಅದೇ ಮರಳಿಂದ ಆಲಿವ್ ರಿಡ್ಲೆ ಕಡಲಾಮೆ ಮರಿಗಳು ನೀರಿಗಿಳಿದ್ವು. ಒಂದಿನ ಫೋಟೋಗೆ ಬಂದು ಹೋದವ್ರಿಂದ ಅದು ಆಗ್ಲಿಲ್ಲ, ಒಪ್ತೀನಿ, ವಾರ ವಾರ ಬಿಡದೆ ಬಂದವ್ರಿಂದ ಆಯ್ತು. ಆದ್ರೆ ಒಂದಿನಕ್ಕೆ ಅಂತ ಬಂದು ಆಮೇಲೆ ಬಿಡದೆ ಬರೋಕೆ ಶುರು ಮಾಡಿದವ್ರನ್ನ ನಾನೇ ನೋಡಿದೀನಿ, ಹಾಗಾಗಿ ಬ್ಯಾನರ್ ಹಿಡಿದವ್ರನ್ನ ನೋಡಿ ನಂಗೆ ಸಿಟ್ಟು ಬರಲ್ಲ.

ನೀವೂ ಒಮ್ಮೆ ಅಲ್ಲಿ ಬಗ್ಗಿ ಕೆಲ್ಸ ಮಾಡಿ ನೋಡ್ಬೇಕು. ಬಾಟ್ಲಿ ಎತ್ತೋದು ಸುಲಭ, ಕಷ್ಟ ಇರೋದು ಬಟ್ಟೆ. ಹಳೇ ಸೀರೆಯ ಒಂದು ತುದಿ ಮರಳ ಮೇಲೆ ಕಾಣುತ್ತೆ, ಎಳೆದ್ರೆ ಬರೋದಿಲ್ಲ, ಒದ್ದೆ ಮರಳು ಒಳಗೆಲ್ಲ ತುಂಬ್ಕೊಂಡು ಬಂಡೆಯಷ್ಟು ಭಾರ ಆಗಿರುತ್ತೆ, ಸುತ್ತ ಕೈಯಲ್ಲೇ ಬಗೆದು ಇಬ್ರು ಮೂವರು ಸೇರಿ ಜಗ್ಗಬೇಕು, ಕೊನೆಗೆ ಹೊರಗೆ ಬಂದಾಗ ಅದ್ರ ಮಡಿಕೇಲಿ ಶಾಂಪೂ ಸ್ಯಾಶೆ, ಗುಟ್ಕಾ ಪಾಕೀಟು, ನೈಲಾನ್ ಬಲೆಯ ಚೂರು, ಜೊತೆಗೆ ಹಾಲಿನ ಪಾಕೀಟಿನ ಕತ್ತರಿಸಿದ ಪುಟ್ಟ ಪುಟ್ಟ ಮೂಲೆಗಳು. ಅದನ್ನ ನೋಡಿದ ಮೇಲೆ ನಮ್ಮನೇಲಿ ಪಾಕೀಟಿನ ಮೂಲೆ ಪೂರ್ತಿ ಕತ್ತರಿಸಿ ಬಿಸಾಡೋದು ನಿಂತಿದೆ, ಅರ್ಧ ಸೀಳಿ ಪಾಕೀಟಿಗೇ ಅಂಟಿರೋ ಹಾಗೆ ಬಿಡ್ತೀವಿ.

ಇಷ್ಟೆಲ್ಲ ಮಾಡಿ ಕೂತ್ರೆ ಮುಂದಿನ ಉಬ್ಬರಕ್ಕೆ ಮತ್ತಷ್ಟು ಕಸ. ಯಾಕಂದ್ರೆ ಅದು ಬೀಚಿಗೆ ತಿರುಗಾಡೋಕೆ ಬಂದವ್ರು ಬಿಸಾಡಿದ್ದು ಮಾತ್ರ ಅಲ್ಲ, ಊರೊಳಗಿನ ನಾಲಾಗಳಿಂದ, ಮಿಠಿ ನದಿಯಿಂದ ಸಮುದ್ರಕ್ಕೆ ಹೋಗಿ ತಿರುಗಿ ಬಂದಿದ್ದು. ಚರಂಡಿ ನೀರಿನ ಕಥೆ ಇದಕ್ಕಿಂತ ದೊಡ್ಡದು. ವರ್ಲಿ, ಬಾಂದ್ರಾ, ಧಾರಾವಿ, ವರ್ಸೋವಾ, ಮಲಾಡ್, ಭಾಂಡುಪ್, ಘಾಟ್ಕೋಪರ್ ಹೀಗೆ ಏಳು ಕಡೆ ಹೊಸ ಶುದ್ಧೀಕರಣ ಘಟಕಗಳಿಗೆ 2023ರ ಜನವರಿ 19ಕ್ಕೆ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ರು, ಎಲ್ಲಾ ಸೇರಿ ದಿನಕ್ಕೆ 2,464 ದಶಲಕ್ಷ ಲೀಟರ್ ಸಾಮರ್ಥ್ಯ. ಇಷ್ಟು ದೊಡ್ಡ ಕೆಲ್ಸ ಆಗ್ಬೇಕು ಅಂದ್ರೆ ಅದು ಗ್ಲೌಸ್ ಹಾಕ್ಕೊಂಡವ್ರಿಂದ ಆಗಲ್ಲ, ಬಜೆಟ್ ಬೇಕು, ಟೆಂಡರ್ ಬೇಕು, ಕೆಲ್ಸ ಎಲ್ಲಿಗೆ ಬಂತು ಅಂತ ಬೆನ್ನು ಬಿಡದೆ ಕೇಳೋ ಜನ ಬೇಕು. ನೀವು ಬೈದಿದ್ದೀರಲ್ಲ ಪಾಲಿಸಿ ಚರ್ಚೆ ಅಂತ, ಅದು ಇದೇ.

ಆ ಚರ್ಚೆಯಿಂದ ಏನಾದ್ರೂ ಆಗಿದ್ಯಾ ಅಂತ ಕೇಳ್ತೀರಿ. ವರ್ಲಿ ಕೋಳಿವಾಡಾದ, ಅಂದ್ರೆ ಅಲ್ಲಿನ ಕೋಳಿ ಮೀನುಗಾರರ ಕೇರಿಯ, ವಿಷ್ಯ ಹೇಳ್ತೀನಿ. ಕೋಸ್ಟಲ್ ರೋಡನ್ನ ಸೀ ಲಿಂಕಿಗೆ ಸೇರಿಸೋ ಸೇತುವೆ ಬರೋದು ಕ್ಲೀವ್‌ಲ್ಯಾಂಡ್ ಬಂದರಿಂದ ದೋಣಿಗಳು ಹೊರಗೆ ಹೋಗೋ ದಾರೀಲಿ. ಕಂಬದಿಂದ ಕಂಬಕ್ಕೆ 60 ಮೀಟರ್ ಅಂತ ಪ್ಲಾನ್ ಆಗಿತ್ತು. ಪೇಪರ್ ಮೇಲೆ ನೋಡಿದ್ರೆ ಸಾಕಲ್ಲ ಅನ್ಸುತ್ತೆ, ದೋಣಿ ಅಗಲ ಎಷ್ಟು, ಸಂದಿ ಎಷ್ಟು! ಆದ್ರೆ ನಿಮ್ಮ ತಂದೆ ಇದ್ದಿದ್ರೆ ಒಂದೇ ನೋಟಕ್ಕೆ ಹೇಳಿರೋರು, ಸಮುದ್ರದಲ್ಲಿ ದೋಣಿ ಗೆರೆ ಎಳೆದ ಹಾಗೆ ನೇರ ಹೋಗಲ್ಲ, ಗಾಳಿ ಎದ್ದಾಗ, ಸೆಳೆತ ಅಡ್ಡ ಬಂದಾಗ ದೋಣಿ ಪಕ್ಕಕ್ಕೆ ಜಾರುತ್ತೆ, ಎದುರಿಂದ ಇನ್ನೊಂದು ದೋಣಿ ಬರ್ತಿದ್ರೆ ಇಬ್ಬರಿಗೂ ಜಾಗ ಬೇಕು, ಹಿಂದಿಂದ ಅಲೆ ಎತ್ತಿ ಹಾಕಿದ್ರೆ ಸೀದಾ ಕಂಬಕ್ಕೆ. ಕೋಳಿ ಸಮಾಜದವ್ರು ಇದನ್ನೇ ಹೇಳ್ತಾ ಬಂದ್ರು, ಮೀಟಿಂಗಲ್ಲಿ ಹೇಳಿದ್ರು, ಅರ್ಜೀಲಿ ಬರೆದ್ರು, ದೋಣಿ ತಗೊಂಡ್ಹೋಗಿ ಕೆಲ್ಸ ನಿಲ್ಸಿದ್ರು. ಕೊನೆಗೆ ಮುಂಬೈ ಮಹಾನಗರ ಪಾಲಿಕೆ ಮಧ್ಯದ ಒಂದು ಕಂಬ ಕೈಬಿಟ್ಟು ದಾರಿಯನ್ನ 120 ಮೀಟರ್ ಮಾಡೋಕೆ ಒಪ್ತು. ಅವ್ರು ಕೇಳಿದ್ದು ಅದಕ್ಕೂ ಜಾಸ್ತಿ, ಅದು ಸಿಗ್ಲಿಲ್ಲ. ರೋಡಂತೂ ಆಗೇ ಆಯ್ತು, 2019ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ, ಅನುಮತಿ ರದ್ದು ಮಾಡಿತ್ತು, ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡ್ತು, 2024ರ ಮಾರ್ಚಲ್ಲಿ ಮೊದಲ ಭಾಗ ಓಡಾಟಕ್ಕೆ ತೆರೀತು. ಪೂರ್ತಿ ಗೆಲುವು ಅಂತ ನಾನು ಹೇಳ್ತಿಲ್ಲ. ಆದ್ರೆ 60 ಇದ್ದಿದ್ದು 120 ಆಗಿದ್ದು ಯಾರೋ ದಯೆ ತೋರಿಸಿದ್ದಕ್ಕಲ್ಲ, ಸಮುದ್ರ ಗೊತ್ತಿದ್ದವ್ರು ಸಮುದ್ರ ಗೊತ್ತಿಲ್ಲದವ್ರ ಎದುರು ಕೂತು ಬಿಡದೆ ಮಾತಾಡಿದ್ದಕ್ಕೆ.

ಮ್ಯಾಂಗ್ರೋವ್ ಅಂತೀವಲ್ಲ, ನಮ್ಮೂರ ಕಡೆ ಕಾಂಡ್ಲ, ಅದ್ರ ವಿಷ್ಯದಲ್ಲೂ ಹೀಗೇ. 2018ರ ಸೆಪ್ಟೆಂಬರಲ್ಲಿ ಬಾಂಬೆ ಹೈಕೋರ್ಟ್, ಕಾಂಡ್ಲ ನಾಶ ಮಾಡೋದು ಸಂವಿಧಾನದ 21ನೇ ವಿಧಿಯ ಜೀವಿಸೋ ಹಕ್ಕಿಗೇ ಧಕ್ಕೆ ಅಂತ ತೀರ್ಪು ಕೊಡ್ತು. ಜಾಗ ಸರ್ಕಾರದ್ದಿರ್ಲಿ ಖಾಸಗಿ ಇರ್ಲಿ ಕಡಿಯೋ ಹಾಗಿಲ್ಲ, ಸುತ್ತ 50 ಮೀಟರಲ್ಲಿ ಕಟ್ಟೋ ಹಾಗಿಲ್ಲ. ಒಂದು ನಾಗರಿಕ ಸಂಘಟನೆ ಹಾಕಿದ್ದ ಪಿಐಎಲ್ ಅದು, ವರ್ಷಗಟ್ಟಲೆ ನಡೀತು. ದೊಡ್ಡ ದೊಡ್ಡ ಪ್ರಾಜೆಕ್ಟಿನವ್ರು ಸಾರ್ವಜನಿಕ ಹಿತ ಅಂತ ಹೇಳಿ ಕೋರ್ಟಿಂದ ಅನುಮತಿ ತಗೊಂಡು ಇವತ್ತಿಗೂ ಕಡೀತಾರೆ, ಅದು ನಂಗೆ ಬಹಳ ನೋವಿನ ವಿಷ್ಯ. ಆದ್ರೂ ಕೇಳದೆ ಕಡಿಯೋ ಕಾಲ ಹೋಯ್ತಲ್ಲ.

ಈಗ ನಿಮ್ಮ ತಂದೆಯವರ ವಿಷ್ಯ. ಜೂನ್ 1ರಿಂದ ಜುಲೈ 31ರ ತನಕ ಪಶ್ಚಿಮ ಕರಾವಳೀಲಿ ಯಾಂತ್ರಿಕ ದೋಣಿಗಳಿಗೆ ರಜೆ, ಇಲ್ಲೂ ಅಷ್ಟೇ ಮಲ್ಪೇಲೂ ಅಷ್ಟೇ. ಅಂದ್ರೆ ಸಾಗರ ದಿನ ಬರೋದು ದೋಣಿಗಳು ದಡದಲ್ಲಿದ್ದಾಗ, ಬಲೆ ರಿಪೇರಿ ಮಾಡ್ತಾ ಮೀನುಗಾರರು ಊರಲ್ಲೇ ಇರುವಾಗ. ವರ್ಷದಲ್ಲಿ ಅವ್ರಿಗೆ ಕೂತು ಮಾತಾಡೋಕೆ ಪುರುಸೊತ್ತು ಇರೋದೇ ಆಗ! ಹಾಗಿದ್ದೂ ಸಭೆಗಳು ನಡೆಯೋದು ಹೋಟೆಲಲ್ಲಿ, ಮೀನುಗಾರರ ಬಗ್ಗೆ ಮಾತಾಡೋದು ಬೇರೆಯವ್ರು. ಇಲ್ಲಿ ನಿಮ್ಮ ಸಿಟ್ಟು ನೂರಕ್ಕೆ ನೂರು ಸರಿ. ಮುಂಬೈಯ ಮೀನು ಬಂದರು ಸಾಸೂನ್ ಡಾಕಲ್ಲೋ, ವರ್ಸೋವಾ ಕೋಳಿವಾಡಾದಲ್ಲೋ, ಮರಾಠಿ ಕನ್ನಡ ತುಳು ಎಲ್ಲಾ ಸೇರಿಸಿ ಅದೇ ವಾರ ಸಭೆ ಇಡೋಕೆ ಯಾರಪ್ಪಣೆ ಬೇಕು? ನಮ್ಮ ಸಂಘಗಳು ಯಕ್ಷಗಾನಕ್ಕೆ, ವಾರ್ಷಿಕೋತ್ಸವಕ್ಕೆ ಹಾಲ್ ತುಂಬಿಸೋ ಶಕ್ತಿ ಇರೋವು, ಮುಂದಿನ ಜೂನಲ್ಲಿ ಒಂದು ಸಂಜೆ ಇದಕ್ಕೂ ಇಡ್ಲಿ ಅಂತ ನಾನು ಬಹಿರಂಗವಾಗೇ ಕೇಳ್ಕೊಳ್ತೀನಿ.

ಲೈಟ್ ಫಿಶಿಂಗ್ ಅಂದ್ರಲ್ಲ. ಎಲ್‌ಇಡಿ ಲೈಟ್ ಹಾಕಿ ಮೀನು ಸೆಳೆಯೋದನ್ನೂ ಎರಡು ದೋಣಿ ಸೇರಿ ಒಂದೇ ಬಲೆ ಎಳೆಯೋ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರಲ್ಲೇ ನಿಷೇಧ ಮಾಡಿದೆ. ಹಾಗಿದ್ರೂ ನಿಲ್ಲದೆ ಇರೋಕೆ ಒಂದು ಕಾರಣ ಸಮುದ್ರದ ಪಾಲು ಪಟ್ಟಿ: ದಡದಿಂದ 12 ನಾಟಿಕಲ್ ಮೈಲಿ ತನಕ ರಾಜ್ಯದ ಮೀನುಗಾರಿಕೆ ಇಲಾಖೆ, ಅಲ್ಲಿಂದ 200ರ ತನಕ ಕೇಂದ್ರ. ಗಸ್ತು ದೋಣಿ ಕಮ್ಮಿ, ರಾತ್ರಿ ಹೊತ್ತು ಲೈಟ್ ಹಾಕಿದವ್ನು ಗೆರೆಯ ಯಾವ ಕಡೆ ಇದ್ದ ಅನ್ನೋದೇ ಜಗಳ. ಮಹಾರಾಷ್ಟ್ರ 2021ರಲ್ಲಿ ಕಾಯ್ದೆ ತಿದ್ದಿ ದಂಡ ಏರಿಸ್ತು, 2023ರಲ್ಲಿ 54 ಜಾತಿ ಮೀನು, ಸಿಗಡಿಗಳಿಗೆ ಇದಕ್ಕಿಂತ ಸಣ್ಣದು ಹಿಡೀಬಾರ್ದು ಅಂತ ಅಳತೆ ಹಾಕ್ತು, ಅದೇ ವರ್ಷ ಪಾಪ್ಲೆಟ್ಟನ್ನ, ನಮ್ಮ ಮಾಂಜಿಯನ್ನ, ರಾಜ್ಯ ಮೀನು ಅಂತ ಘೋಷಿಸ್ತು. ಮಾರ್ಕೆಟಲ್ಲಿ ಅಂಗೈಗಿಂತ ಚಿಕ್ಕ ಮಾಂಜಿ ರಾಶಿ ಹಾಕಿರೋದನ್ನ ನಾನೂ ನೀವೂ ನೋಡ್ತಾನೇ ಇದ್ದೀವಿ. ಕೊಳ್ಳೋರು ಬೇಡ ಅಂದ್ರೆ ಅರ್ಧ ಕೆಲ್ಸ ಆಗುತ್ತೆ, ದಯವಿಟ್ಟು ಬೇಡ ಅನ್ನಿ.

ವಿಶ್ವಸಂಸ್ಥೆ ಒಪ್ಪಂದದ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಆ 200 ನಾಟಿಕಲ್ ಮೈಲಿ ಆಚೆ ಯಾವ ದೇಶದ್ದೂ ಅಲ್ಲದ ಸಮುದ್ರ ಇದೆಯಲ್ಲ, ಅಲ್ಲಿನ ಜೀವಿಗಳನ್ನ ಕಾಪಾಡೋಕೆ 2023ರ ಜೂನಲ್ಲಿ ಒಪ್ಪಂದ ಆಯ್ತು, ಭಾರತ 2024ರ ಸೆಪ್ಟೆಂಬರಲ್ಲಿ ಸಹಿ ಹಾಕ್ತು, 60 ದೇಶಗಳ ಅನುಮೋದನೆ ಸಿಕ್ಕಿ 2026ರ ಜನವರಿ 17ಕ್ಕೆ ಜಾರಿಗೆ ಬಂತು. ಪ್ಲಾಸ್ಟಿಕ್ ಒಪ್ಪಂದದ ಕಥೆ ಉಲ್ಟಾ, ದಕ್ಷಿಣ ಕೊರಿಯಾದ ಬುಸಾನಲ್ಲಿ ಸೇರಿದ್ರು, 2025ರ ಆಗಸ್ಟಲ್ಲಿ ಜಿನೀವಾದಲ್ಲಿ ಸೇರಿದ್ರು, ಬರಿಗೈಲಿ ಎದ್ರು. ಪ್ಲಾಸ್ಟಿಕ್ ಉತ್ಪಾದನೆಗೇ ಮಿತಿ ಹಾಕ್ಬೇಕು ಅಂತ ಕೆಲವು ದೇಶ, ಕಸ ನಿರ್ವಹಣೆ ಮಾಡಿದ್ರೆ ಸಾಕು ಅಂತ ತೈಲ ತೆಗೆಯೋ ದೇಶಗಳು. ವರ್ಸೋವಾ ಮರಳಲ್ಲಿ ಆ ಸೀರೆ ಜಗ್ಗಿದವ್ರಿಗೆ ಈ ಜಗಳ ದೂರದ್ದಲ್ಲ ಅಣ್ಣಾ, ಸ್ಯಾಶೆ ಹುಟ್ಟೋದನ್ನ ಕಮ್ಮಿ ಮಾಡದೆ ಹೆಕ್ಕೋದಕ್ಕೆ ಕೊನೆ ಇಲ್ಲ ಅನ್ನೋದು ಅವ್ರಿಗೆ ಸೊಂಟ ನೋವಿಂದಲೇ ಗೊತ್ತಾಗಿರುತ್ತೆ.

ಸರಿ, ನಿಮ್ಮ ಪ್ರಶ್ನೆಗೆ ಬರ್ತೀನಿ. ಬಂದರು, ದೊಡ್ಡ ಕಾರ್ಖಾನೆ ಇಂಥವು ಬರೋ ಮುಂಚೆ 2006ರ ಇಐಎ, ಅಂದ್ರೆ ಪರಿಸರದ ಮೇಲಿನ ಪರಿಣಾಮ ಅಂದಾಜು ಮಾಡೋ, ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಆಗ್ಬೇಕು. ಕಮ್ಮಿ ಅಂದ್ರೆ 30 ದಿನ ಮುಂಚೆ ಪೇಪರಲ್ಲಿ ನೋಟಿಸ್ ಬರ್ಬೇಕು, ಜಿಲ್ಲಾಧಿಕಾರಿ ಇಲ್ಲಾ ಅವರ ಪರವಾಗಿ ಅಡಿಷನಲ್ ಡಿಸಿ ಮಟ್ಟಕ್ಕೆ ಕಮ್ಮಿ ಇಲ್ಲದವ್ರು ಕೂರ್ಬೇಕು, ವಿಡಿಯೋ ಆಗ್ಬೇಕು, ಹೇಳಿದ್ದನ್ನೆಲ್ಲ ದಾಖಲೆಗೆ ತಗೋಬೇಕು. ಇಷ್ಟೇ ಜನ ಇರ್ಬೇಕು ಅನ್ನೋ ಕೋರಂ ಇಲ್ಲ, ಅಂದ್ರೆ ನಾವು ಹೋಗ್ದಿದ್ರೂ ಸಭೆ ನಡೆದೇ ನಡೆಯುತ್ತೆ, ಮುಗೀತು ಅಂತ ಬರೀತಾರೆ. ಪಾಲ್ಘರ್ ಜಿಲ್ಲೇಲಿ ಬರೋ ಹೊಸ ವಾಢವಣ ಬಂದರಿಗೆ 2024ರ ಜನವರಿ 19ಕ್ಕೆ ಪಾಲ್ಘರಲ್ಲಿ ಹೀಗೆ ಸಭೆ ಆಯ್ತು. 76,220 ಕೋಟಿ ರೂಪಾಯಿ ಪ್ರಾಜೆಕ್ಟು, ಸಮುದ್ರದಲ್ಲಿ 1,448 ಹೆಕ್ಟೇರ್ ಜಾಗ ತುಂಬಿಸೋ ಲೆಕ್ಕ. ವಿರೋಧ ಇತ್ತು, ಇದೆ, ಆದ್ರೂ ಅದೇ ವರ್ಷ ಆಗಸ್ಟಲ್ಲಿ ಶಂಕುಸ್ಥಾಪನೆ ಆಗೋಯ್ತು. ವಸಾಯಿ, ವಿರಾರ್, ಪಾಲ್ಘರ್ ಕಡೆ ನಮ್ಮ ಓದುಗರು ಎಷ್ಟೋ ಜನ ಇದ್ದಾರೆ, ನೋಟಿಸ್ ಬರೋದು ಇಂಗ್ಲಿಷಲ್ಲಿ ಮರಾಠೀಲಿ, ನಮ್ಮವ್ರ ಕಣ್ಣಿಗೆ ಬೀಳೋದೇ ಇಲ್ಲ. ಕರಾವಳಿ ನಿಯಮ ತಿದ್ದೋವಾಗ ಆಕ್ಷೇಪಣೆಗೆ ಕೊಡೋ 60 ದಿನಾನೂ ಹೀಗೇ ಕಳೆದೋಗುತ್ತೆ. 2019ರ ಸಿಆರ್‌ಝಡ್ ಬಂದಾಗ, ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರೋ ಗ್ರಾಮೀಣ ಕರಾವಳೀಲಿ ಕಟ್ಟಡ ಕಟ್ಟಬಾರ್ದ ಪಟ್ಟಿ 200 ಮೀಟರಿಂದ 50ಕ್ಕೆ ಇಳೀತು. ಊರಲ್ಲಿ ಕಡಲ ಪಕ್ಕ ಮನೆ ಇರೋ ನಮ್ಮವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಅದಕ್ಕೇ ಮುಂದಿನ ಸಂಚಿಕೆಯಿಂದ ಅರ್ಧ ಪುಟ ಇದಕ್ಕೇ ಇಡ್ತಿದೀವಿ. ಮುಂಬೈ, ಠಾಣೆ, ಪಾಲ್ಘರ್, ರಾಯಗಡದ ಸಮುದ್ರಕ್ಕೆ ಸಂಬಂಧಪಟ್ಟ ನೋಟಿಸ್, ಸಭೆ ಎಲ್ಲಿ, ಆಕ್ಷೇಪಣೆ ಕೊಡೋಕೆ ಕೊನೇ ದಿನ ಯಾವುದು, ಎಲ್ಲಾ ಸರಳ ಕನ್ನಡದಲ್ಲಿ.

ನಿಮಗೆ ಬೇರೆ ಕೆಲ್ಸ ಇಟ್ಟಿದೀನಿ. ಇಐಎ ಪ್ರಕಾರ ಅನುಮತಿ ಸಿಕ್ಕ ಮೇಲೆ ಕಂಪನಿಯವ್ರು ಪ್ರತಿ ವರ್ಷ ಜೂನ್ 1ಕ್ಕೂ ಡಿಸೆಂಬರ್ 1ಕ್ಕೂ ಷರತ್ತು ಪಾಲನೆಯ ವರದಿ ಕೊಡ್ಬೇಕು, ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದ್ರೂ ಕೇಳಿ ಓದ್ಬಹುದು. ಓದೋರೇ ಇಲ್ಲ. ಅದ್ರಲ್ಲಿರೋದೆಲ್ಲ ನಿಮ್ಮ ಭಾಷೆ: ಎಷ್ಟು ಗಿಡ ನೆಡ್ಬೇಕಿತ್ತು ಎಷ್ಟು ನೆಟ್ರು, ಮೀನುಗಾರರಿಗೆ ಎಷ್ಟು ಪರಿಹಾರ ಅಂದಿದ್ರು ಎಷ್ಟು ಹೋಯ್ತು, ಹೋದ ವರದಿಯ ಅಂಕಿ ಈ ವರದಿಯ ಅಂಕಿಗೆ ತಾಳೆ ಆಗುತ್ತಾ. ಹೋಟೆಲಿನ ದಿನದ ಗಲ್ಲಾ ಲೆಕ್ಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದ್ರೆ ರಾತ್ರಿ ಕೂತು ಹುಡುಕಿದವ್ರು ನೀವು, ಈ ಕೆಲ್ಸ ನನ್ನಿಂದ ಆಗಲ್ಲ, ನಿಮ್ಮಿಂದ ಆಗುತ್ತೆ. ಒಂದು ಪ್ರಾಜೆಕ್ಟಿನ ಹಿಂದಿನ ವರದಿಗಳನ್ನ ಪ್ರಿಂಟ್ ತೆಗೆಸಿ ಇಟ್ಟಿರ್ತೀನಿ, ಶನಿವಾರ ಮಧ್ಯಾಹ್ನ ಮೇಲೆ ಆಫೀಸಲ್ಲಿ ಇರ್ತೀನಿ, ಬನ್ನಿ. ನೀವು ಬರೆದಿದ್ದನ್ನ ನಿಮ್ಮ ಹೆಸರಿಲ್ಲದೇನೇ ಹಾಕೋಣ, ಪುಟ ಎಷ್ಟು ಬೇಕೋ ಅಷ್ಟು.